ಮಸಣ, ಸ್ಮಶಾನ, ಸುಡುಗಾಡು

‘ಸ್ಮಶಾನ’ ಎಂಬ ಬರಹ ಈಗ ಎಲ್ಲೆಡೆ ರೂಢಿಯಾಗಿದೆ. ಆದರೆ ಸಂಸ್ಕೃತದ ಮೂಲರೂಪ ‘ಶ್ಮಶಾನ’, ಮೊದಲ ಅಕ್ಷರವೂ ಶಕಾರವೇ. ‘ಸ್ಮರಣೆ’ಯ ಹೋಲಿಕೆಯಿಂದ ‘ಸ್ಮ’ ನುಸುಳಿರಬಹುದು; ಎರಡಕ್ಕೂ ಸಂಬಂಧವಿಲ್ಲ.

ವೇದದ ಪದಗಳ ಅರ್ಥ ಬಿಡಿಸುವ ಯಾಸ್ಕನ ಪ್ರಾಚೀನ ಗ್ರಂಥ ನಿರುಕ್ತ ಇದನ್ನು ‘ಶ್ಮಶಯನ’ ಎಂದು ಬಿಡಿಸುತ್ತದೆ: ಶ್ಮ ಎಂದರೆ ಶರೀರ, ಅದು ಮಲಗುವ ಜಾಗ. ಯಜ್ಞವಿಧಿಗಳನ್ನು ವಿವರಿಸುವ ವೈದಿಕ ಗ್ರಂಥ ಶತಪಥ ಬ್ರಾಹ್ಮಣ ‘ಶವಾನ್ನ’ದಿಂದ ಬಂತು ಎನ್ನುತ್ತದೆ. ಇದು ಧ್ವನಿಸಾಮ್ಯದ ಆಟ, ನಿಜವಾದ ವ್ಯುತ್ಪತ್ತಿ ಅಲ್ಲ. ಗಮನಿಸಬೇಕಾದದ್ದು ಬೇರೆ. ಶತಪಥ ಬ್ರಾಹ್ಮಣದಲ್ಲಿ ಶ್ಮಶಾನವೆಂದರೆ ಸುಡುವ ಬಯಲಲ್ಲ, ಅಸ್ಥಿಯ ಮೇಲೆ ಕಟ್ಟುವ ಮಣ್ಣಿನ ದಿಬ್ಬ. ಚೌಕವಾಗಿರಬೇಕು, ದುಂಡಗಿನದು ಅಸುರರ ಪದ್ಧತಿ ಎಂಬ ವಿವರವೂ ಇದೆ. ಹಾಗಾಗಿ ಹೂಳುವ ಜಾಗಕ್ಕೆ ಈ ಪದ ಸಲ್ಲದು ಎಂಬ ವಾದ ನಿಲ್ಲುವುದಿಲ್ಲ.

ಪ್ರಾಕೃತದಲ್ಲಿ ಮೊದಲ ಶಕಾರ ಬಿದ್ದು, ಉಳಿದ ಶ ಸಕಾರವಾಗಿ, ನ ಣಕಾರವಾಗಿ ‘ಮಸಾಣ’ ಆಯಿತು. ಕನ್ನಡದಲ್ಲಿ ದೀರ್ಘವೂ ಕಳೆದು ‘ಮಸಣ’. ಎಷ್ಟು ಹಗುರವಾದ, ನಮ್ಮದೇ ಆದ ಮಾತು!

ಸುಡುಗಾಡು ಅಚ್ಚಗನ್ನಡ: ಸುಡು + ಕಾಡು, ಕಕಾರಕ್ಕೆ ಗಕಾರ ಬಂದ ಆದೇಶ ಸಂಧಿ. ತಮಿಳಿನಲ್ಲಿ ಸುಡುವುದಕ್ಕೆ ‘ಸುಡುಕಾಡು’, ಹೂಳುವುದಕ್ಕೆ ‘ಇಡುಕಾಡು’ ಎಂದು ಬೇರೆಬೇರೆ. ಕನ್ನಡದಲ್ಲಿ ಹೂಳುವ ಜಾಗವನ್ನೂ ಸುಡುಗಾಡೆಂದೇ ಕರೆಯುತ್ತೇವೆ.