ಮಗನ ಜೊತೆ ಆಡ್ತಿರೋರು ಯಾರು?

ಹೋದ ಬೇಸಿಗೆ ರಜೆ. ಕೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹಲಸಿನ ಹಣ್ಣು ಬಿಡಿಸ್ತಾ ಕೂತಿದ್ದೆ. ಮೂಲೆಯಲ್ಲಿ ನನ್ನ ಫೋನಿನಲ್ಲಿ ಆನ್‌ಲೈನ್ ಆಟ ಆಡ್ತಿದ್ದ ಒಂಬತ್ತು ವರ್ಷದ ಮಗ ಕೇಳಿದ, "ಅಮ್ಮಾ, ನಮ್ಮ ಸ್ಕೂಲ್ ಹೆಸರಿನ ಸ್ಪೆಲ್ಲಿಂಗ್ ಹೇಳು."

"ಯಾಕೋ?"

"ನಮ್ಮ ಟೀಮಲ್ಲಿರೋ ಅಣ್ಣ ಕೇಳ್ತಿದಾನೆ."

ಯಾವ ಅಣ್ಣ? ಅವನಿಗೂ ಗೊತ್ತಿಲ್ಲ. ಮೇಣ ಮೆತ್ತಿದ ಕೈಯಲ್ಲೇ ಫೋನ್ ಕಿತ್ತುಕೊಂಡೆ. ಆ ಗುರುತು ಫೋನಿನ ಕವರ್ ಮೇಲೆ ಇವತ್ತಿಗೂ ಇದೆ.

ಆಟ ಅಳಿಸಿ ಹಾಕಿದ್ದಾಯ್ತು, ಎರಡು ದಿನ ಅತ್ತಿದ್ದೂ ಆಯ್ತು. ನಮ್ಮೆಜಮಾನರು "ಇನ್ಮೇಲೆ ಯಾವ ಆಟಾನೂ ಬೇಡ" ಅಂದುಬಿಟ್ಟರು. ಆದರೆ ಹುಬ್ಬಳ್ಳಿಯಲ್ಲಿರೋ ನನ್ನ ತಮ್ಮನ ಮಗಳೂ ಇವನೂ ವರ್ಷಕ್ಕೆರಡು ಸಲ ಸಿಕ್ಕರೆ ಹೆಚ್ಚು. ಶಿವಮೊಗ್ಗದಲ್ಲಿ ಕೂತು ಅವಳ ಜೊತೆ ಆಡಬೇಕು ಅನ್ನೋ ಆಸೆಯಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಹಾಗಾಗಿ ಹುಡುಕೋ ಕೆಲಸ ನನ್ನ ತಲೆಗೆ ಬಂತು.

ಪ್ಲೇ ಸ್ಟೋರ್‌ನಲ್ಲಿ ವಯಸ್ಸಿನ ಗುರುತು ಇರುತ್ತಲ್ಲ, ಅದನ್ನೇ ನಂಬಿಕೊಂಡಿದ್ದೆ. ಆಟದಲ್ಲಿ ಹೊಡೆದಾಟ ಎಷ್ಟು, ರಕ್ತ ಎಷ್ಟು ಅನ್ನೋದಕ್ಕೆ ಅದು ಸರಿ. ಒಳಗೆ ಅಪರಿಚಿತರು ಮಾತಾಡಿಸಬಹುದು ಅನ್ನೋದನ್ನ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಬರೆದಿರ್ತಾರೆ, ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆಮೇಲೆ ನನ್ನದೇ ಒಂದು ಲೆಕ್ಕ ಇಟ್ಟುಕೊಂಡೆ: ಆಟ ಯಾವುದಾದ್ರೂ ಇರಲಿ, ಒಳಗೆ ಯಾರು ಬರಬೇಕು ಅನ್ನೋದು ನನ್ನ ಕೈಲಿರಬೇಕು. ಮತ್ತೆ ಮೊದಲ ಒಂದು ವಾರ ನಾನೇ ಆಡಿ ನೋಡಬೇಕು.

ಮೊದಲು ಒಪ್ಪಿಗೆಯಾಗಿದ್ದು ಚೆಸ್. ಲಿಚೆಸ್ ಅಂತ ಒಂದು ತಾಣ, ದೇಣಿಗೆಯ ಮೇಲೆ ನಡೆಯೋದು. ದುಡ್ಡೂ ಇಲ್ಲ, ಜಾಹೀರಾತೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಕಿಡ್ ಮೋಡ್' ಒತ್ತಿದರೆ ಮಾತುಕತೆಯೆಲ್ಲ ಬಂದ್. ಮೇಲೆ ಲೋಗೋ ಪಕ್ಕ ಒಂದು ನಗುಮುಖ ಬರುತ್ತೆ, ದೂರದಿಂದ ಬಗ್ಗಿ ನೋಡಿದ್ರೂ ಗೊತ್ತಾಗುತ್ತೆ. ಎದುರಾಳಿ ಯಾವ ದೇಶದವನಾದರೂ ಮೂಕ. ಆದರೆ ಹತ್ತು ದಿನಕ್ಕೆ ಇಬ್ಬರಿಗೂ ಸಾಕಾಯ್ತು. ಅವಳೇ ಗೆಲ್ತಿದ್ಳು ಅನ್ನೋದು ಇವನ ನಿಜವಾದ ಸಂಕಟ.

ಗುಂಪಿನೊಳಗೆ ಅಡಗಿರೋ ಮೋಸಗಾರನನ್ನ ಹುಡುಕೋ ಅಮಾಂಗ್ ಅಸ್ ಆಟದಲ್ಲಿ, ನಾವು ಕೋಡ್ ಕೊಟ್ಟವರಷ್ಟೇ ಬರೋ ಖಾಸಗಿ ಕೋಣೆ ಇದೆ. ಆದರೆ ನಾಲ್ಕು ಜನವಾದರೂ ಬೇಕು, ನಮ್ಮಲ್ಲಿ ಅಷ್ಟು ಜನ ಒಟ್ಟಿಗೆ ಬಿಡುವಾಗೋದು ಗೌರಿ ಹಬ್ಬಕ್ಕೇ.

ಕೊನೆಗೆ ನೆಲೆ ನಿಂತಿದ್ದು ಮೈನ್‌ಕ್ರಾಫ್ಟ್‌ನಲ್ಲಿ. ಚೌಕದ ತುಂಡುಗಳನ್ನ ಜೋಡಿಸಿ ನಮ್ಮದೇ ಒಂದು ಲೋಕ ಕಟ್ಟೋ ಆಟ, ದುಡ್ಡು ಕೊಟ್ಟು ಕೊಳ್ಳಬೇಕು. ನಮ್ಮನೇಲಿ ಎರಡು ಫೋನಿಗೆ, ಹುಬ್ಬಳ್ಳಿಯಲ್ಲಿ ಒಂದಕ್ಕೆ. ತಮ್ಮ ಗೊಣಗಿದ. ಅದರೊಳಗೂ ಒಂದು ಅಂಗಡಿ ಇದೆ, ಅದಕ್ಕೇ ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳೋ ಹಾಗೆ ಮಾಡಿಟ್ಟೆ. ಮಗನಿಗೆ ಮಕ್ಕಳ ಖಾತೆ ತೆರೆಯೋಕೆ ಒಂದಿಡೀ ಭಾನುವಾರ ಹೋಯ್ತು. ಬೇರೆಯವರ ಜೊತೆ ಆಡಬಹುದು ಅನ್ನೋ ಅನುಮತಿ ಆಟದೊಳಗೆ ಇರಲ್ಲ, ಈ ಆಟದ ಕಂಪನಿ ಮೈಕ್ರೋಸಾಫ್ಟ್‌ನದೇ ಆದ ಎಕ್ಸ್‌ಬಾಕ್ಸ್ ತಾಣಕ್ಕೆ ಹೋಗಿ ಹೆತ್ತವರೇ ಕೊಡಬೇಕು. ಇದನ್ನ ಹುಡುಕೋಷ್ಟರಲ್ಲಿ ಸಾಕು ಸಾಕಾಯ್ತು. ಈಗ ಅನಿಸುತ್ತೆ, ಅಷ್ಟು ಸುಲಭವಾಗಿ ತೆರೆಯದಿದ್ದದ್ದೇ ಒಳ್ಳೇದಾಯ್ತು.

ನಮ್ಮ ವ್ಯವಸ್ಥೆ ಹೀಗೆ. ಲೋಕ ತೆರೆಯೋದು ನನ್ನ ಫೋನಿನಲ್ಲಿ. ಯಾರು ಬರಬಹುದು ಅನ್ನೋ ಕಡೆ 'ಗೆಳೆಯರ ಗೆಳೆಯರು' ಅಂತಲೂ ಒಂದು ಆಯ್ಕೆ ಇದೆ, ಅದೇ ಅಪಾಯದ್ದು. ನಾನು 'ಕರೆದವರಿಗೆ ಮಾತ್ರ' ಅಂತ ಇಟ್ಟಿದ್ದೀನಿ. ನಾನು ಆಚೆ ಬಂದರೆ ಎಲ್ಲರೂ ಆಚೆ. ಎಂಟೂವರೆಗೆ ಊಟಕ್ಕೆ ಕೂಗೋ ಗಲಾಟೆಯೇ ಇಲ್ಲ. ಮಾತಿಗೆ ವಾಟ್ಸಾಪ್ ಕರೆ, ಸ್ಪೀಕರ್ ಹಾಕಿ, ಎರಡೂ ಮನೆಯ ಹಾಲ್‌ನಲ್ಲಿ. ನಮ್ಮತ್ತೆ ಪಕ್ಕದಲ್ಲಿ ಕೂತು ಹುಬ್ಬಳ್ಳಿಯ ಮಳೆ ಸಮಾಚಾರ ಕೇಳಿಕೊಳ್ತಾರೆ.

ಶುರುವಿನಲ್ಲಿ 'ಪೀಸ್‌ಫುಲ್' ಇಟ್ಟಿದ್ದೆ, ರಾಕ್ಷಸರಿಲ್ಲ. ತಿಂಗಳಾದ ಮೇಲೆ ಮಕ್ಕಳೇ "ಸಪ್ಪೆ" ಅಂದರು. ಈಗ ಕ್ರೀಪರ್‌ಗಳಿವೆ, ಸದ್ದಿಲ್ಲದೆ ಹಿಂದೆ ಬಂದು ಬುಸ್ ಅಂದು ಸಿಡಿಯೋ ಹಸಿರು ಜೀವಿಗಳು. ಆಟ ಮಾಡಿದವನು ಹಂದಿ ಮಾಡೋಕೆ ಹೋಗಿ ಉದ್ದ ಎತ್ತರದ ಅಳತೆ ಅದಲುಬದಲಾಗಿ ಹುಟ್ಟಿದ್ದಂತೆ ಅದು. ಈ ಕತೆ ಹೇಳಿದ ಮೇಲೆ ಮಗನಿಗೆ ಅದರ ಭಯ ಅರ್ಧ ಹೋಯ್ತು.

ನನಗೆ ಹೋಗಿಲ್ಲ. ಮೊನ್ನೆ ಮೂವರೂ ಸೇರಿ ಇಟ್ಟಿಗೆಯಲ್ಲಿ ತುಳಸಿಕಟ್ಟೆ ಕಟ್ಟಿದ್ವಿ, ಬೆಳಕಿದ್ದ ಕಡೆ ಕ್ರೀಪರ್ ಹುಟ್ಟಲ್ಲ, ಹಾಗಾಗಿ ಸುತ್ತ ದೀಪ ಇಡೋದು ನನ್ನ ಪಾಲಿನ ಕೆಲಸ, ನಾನು ಮರೆತೆ. ಫೋನಿನಿಂದ "ಅತ್ತೀ, ಹಿಂದ ನೋಡ್ರೀ, ಬಂದೈತಿ ಅದು!" ಅಂತ ತಮ್ಮನ ಮಗಳು ಕಿರುಚಿದ್ಳು. ತಿರುಗೋದರೊಳಗೆ ಕಟ್ಟೆಯ ಒಂದು ಮಗ್ಗುಲೇ ಹಾರಿಹೋಯ್ತು, ಜೊತೆಗೆ ನಾನೂ. ಮಗ ಒಂದು ಗಂಟೆ ಮಾತು ಬಿಟ್ಟಿದ್ದ. ಇವತ್ತು ಸಂಜೆ ಮತ್ತೆ ಕಟ್ಟಬೇಕು. ಮೊದಲು ದೀಪ ಇಡ್ತೀನಿ ಅಂತ ಇಬ್ಬರೂ ನನ್ನಿಂದ ಮಾತು ತಗೊಂಡಿದ್ದಾರೆ.