95ಕ್ಕೆ ಸ್ಟಾಪ್ ಲಾಸ್ ಹಾಕಿದ್ದೆ, 88ಕ್ಕೆ ಯಾಕೆ ಮಾರಾಟವಾಯಿತು?

ಷೇರು ವ್ಯವಹಾರಕ್ಕೆ ಹೊಸಬರಾದವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಒಂದು ಷೇರನ್ನು 100 ರೂಪಾಯಿಗೆ ಕೊಂಡಿರುತ್ತಾರೆ, ನಷ್ಟ 5ನ್ನು ಮೀರಬಾರದೆಂದು 95ಕ್ಕೆ ಸ್ಟಾಪ್ ಲಾಸ್, ಅಂದರೆ ಬೆಲೆ ಅಲ್ಲಿಗೆ ಇಳಿದರೆ ಮಾರಿಬಿಡು ಎಂಬ ಆರ್ಡರ್, ಹಾಕಿ ನಿಶ್ಚಿಂತೆಯಿಂದ ಮಲಗಿರುತ್ತಾರೆ. ಬೆಳಿಗ್ಗೆ ನೋಡಿದರೆ 88ಕ್ಕೆ ಮಾರಾಟವಾಗಿದೆ. "ನನಗೆ ಮೋಸ ಆಯ್ತಾ?" ಎನ್ನುವಾಗಿನ ಅವರ ಸಂಕಟ ನನಗೆ ಅರ್ಥವಾಗುತ್ತದೆ. ಸಾಮಾನ್ಯವಾಗಿ ಮೋಸ ಆಗಿರುವುದಿಲ್ಲ. 95 ಮಾರಾಟದ ಬೆಲೆಯಲ್ಲ, ಮಲಗಿರುವ ಆರ್ಡರನ್ನು ಎಬ್ಬಿಸುವ ಬೆಲೆ. ಅದಕ್ಕೇ ಟ್ರಿಗರ್ ಅನ್ನುವುದು.

ಎದ್ದ ಮೇಲೆ ಅದು ಮಾರ್ಕೆಟ್ ಆರ್ಡರ್ ಆಗುತ್ತದೆ. ಅಂದರೆ "ಎಷ್ಟಕ್ಕಾದರೂ ಸರಿ, ಈಗಲೇ ಮಾರು" ಎಂದು ಹೇಳಿದಂತೆ. ಪರದೆಯ ಮೇಲೆ ಕಾಣುವ 100 ಆಗಲೇ ಮುಗಿದುಹೋದ ವ್ಯವಹಾರದ ಬೆಲೆ. ನಿಮಗೆ ಸಿಗುವುದು ಸಾಲಿನಲ್ಲಿ ನಿಂತ ಕೊಳ್ಳುವವರು ಕೊಡುವಷ್ಟು. ಅಲ್ಲಿ 99.90ಕ್ಕೆ 200, 99.50ಕ್ಕೆ 300, 98ಕ್ಕೆ 500 ಷೇರು ಕೇಳುವವರಿದ್ದಾರೆ ಅನ್ನಿ. ನೀವು 1000 ಷೇರನ್ನು ಮಾರ್ಕೆಟ್ ಆರ್ಡರಿನಲ್ಲಿ ಮಾರಿದರೆ ಮೂರೂ ಬೇಡಿಕೆ ಮುಗಿದು, ಸರಾಸರಿ 98.83 ಬರುತ್ತದೆ. ರಾತ್ರಿ ಕೆಟ್ಟ ಸುದ್ದಿ ಬಂದು 95ರ ಆಸುಪಾಸಿನಲ್ಲಿ ಕೊಳ್ಳುವವರೇ ಇಲ್ಲದಿದ್ದರೆ? 88ಕ್ಕೆ ನಿಂತವರೇ ಗತಿ.

ಇದು ವಿಪರೀತಕ್ಕೆ ಹೋದದ್ದೂ ಉಂಟು. 2010ರ ಮೇ 6ರಂದು ಅಮೆರಿಕದ ಪೇಟೆ ಕೆಲವೇ ನಿಮಿಷಗಳಲ್ಲಿ ಕುಸಿದಾಗ, ಹೆಸರಾಂತ ಕಂಪನಿಗಳ ಷೇರುಗಳೂ ಒಂದು ಸೆಂಟಿಗೆ ಕೈ ಬದಲಾದವು. ಯಾರೂ ನಿಜವಾಗಿ ಕೊಳ್ಳಲೆಂದು ಇಟ್ಟಿರದ, ನೆಪಮಾತ್ರದ ಬೆಲೆಗಳಿಗೆ ಮಾರ್ಕೆಟ್ ಆರ್ಡರುಗಳು ಹೋಗಿ ತಗುಲಿದ್ದವು. ಮಿತಿಮೀರಿದ ಬೆಲೆಯ ವ್ಯವಹಾರಗಳನ್ನು ಆಮೇಲೆ ರದ್ದು ಮಾಡಲಾಯಿತು. 2015ರ ಆಗಸ್ಟ್ 24ರ ಬೆಳಿಗ್ಗೆ ಮತ್ತೆ ಅಂಥದೇ ಕುಸಿತ. 2016ರ ಫೆಬ್ರವರಿಯಿಂದ ನ್ಯೂಯಾರ್ಕ್ ಷೇರು ವಿನಿಮಯ ಕೇಂದ್ರ ಸ್ಟಾಪ್ ಲಾಸಿನಂಥ ಹೊಸ ಸ್ಟಾಪ್ ಆರ್ಡರುಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿತು.

ಲಿಮಿಟ್ ಆರ್ಡರ್ ಮಾರ್ಕೆಟ್ ಆರ್ಡರಿನ ತದ್ವಿರುದ್ಧ. ಹೇಳಿದ ಬೆಲೆಗಿಂತ ಕೆಳಗೆ ಮಾರುವುದಿಲ್ಲ, ಆದರೆ ಮಾರಾಟವಾಗುತ್ತದೆ ಎಂಬ ಭರವಸೆಯೂ ಇಲ್ಲ. ಒಂದೇ ಬೆಲೆಗೆ ಹಲವರು ನಿಂತಿದ್ದರೆ ಸಾಮಾನ್ಯವಾಗಿ ಮೊದಲು ಬಂದವರಿಗೆ ಮೊದಲ ಸರದಿ. ಹೀಗಾಗಿ ಪರದೆಯಲ್ಲಿ ನಿಮ್ಮ ಬೆಲೆ ಬಂದು ಹೋದರೂ ನಿಮ್ಮ ಷೇರು ಹಾಗೇ ಉಳಿದಿರಬಹುದು.

"ಹಾಗಾದರೆ ಸ್ಟಾಪ್ ಲಿಮಿಟ್ ಹಾಕಲೇ?" ಎನ್ನುವುದು ಮುಂದಿನ ಪ್ರಶ್ನೆ. ಇದು ಎದ್ದ ಮೇಲೆ ಮಾರ್ಕೆಟ್ ಆರ್ಡರ್ ಬದಲು ಲಿಮಿಟ್ ಆರ್ಡರ್ ಆಗುತ್ತದೆ. ಟ್ರಿಗರ್ 95, ಲಿಮಿಟ್ 94 ಎಂದಿಟ್ಟರೆ 88ಕ್ಕಂತೂ ಮಾರಾಟವಾಗದು. ಆದರೆ ಪೇಟೆ 88ಕ್ಕೇ ತೆರೆದು ಇಳಿಯುತ್ತಲೇ ಹೋದರೆ, 70ರಲ್ಲೂ ಷೇರು ನಿಮ್ಮ ಕೈಯಲ್ಲೇ ಇರುತ್ತದೆ. ನನಗೆ ಇದೇ ಹೆಚ್ಚು ಭಯ ಹುಟ್ಟಿಸುವ ಸ್ಥಿತಿ. ಆದ್ದರಿಂದ ವಹಿವಾಟು ದಟ್ಟವಾಗಿರುವ ಷೇರಿನಲ್ಲಿ ಹೊರಬೀಳುವುದೇ ಮುಖ್ಯವಾದಾಗ ನಾನು ಸಾದಾ ಸ್ಟಾಪ್ ಲಾಸನ್ನೇ ಆರಿಸುತ್ತೇನೆ. ಕೊಳ್ಳುವಾಗ ಮಾತ್ರ ಯಾವಾಗಲೂ ಲಿಮಿಟ್. ಪೇಟೆ ತೆರೆದ ಮೊದಲ ನಿಮಿಷಗಳಲ್ಲಿ ಮಾರ್ಕೆಟ್ ಆರ್ಡರ್ ಹಾಕುವುದಿಲ್ಲ.

ಏನಾದರೂ ಸರಿ 95ಕ್ಕೇ ಹೊರತರುವ ಆರ್ಡರ್ ಇವುಗಳಲ್ಲಿ ಯಾವುದೂ ಅಲ್ಲ. ಹಾಗಾಗಿ ರಾತ್ರಿ ದಾಟಿಸುವ ಷೇರುಗಳ ಸಂಖ್ಯೆಯನ್ನು ನಾನು 95ರ ಲೆಕ್ಕದಲ್ಲಿ ನಿರ್ಧರಿಸುವುದಿಲ್ಲ. ಬೆಳಿಗ್ಗೆ 88ಕ್ಕೆ ತೆರೆದರೆ ತಡೆದುಕೊಳ್ಳಬಲ್ಲೆನೇ ಎಂದು ನೋಡಿಕೊಂಡು, ಅಷ್ಟನ್ನೇ ಇಟ್ಟುಕೊಳ್ಳುತ್ತೇನೆ.