ಪ್ರಾಗ್‌ನಲ್ಲಿ 65 ತುಂಬಿದವರಿಗೆ ಟ್ರಾಮು ಪುಕ್ಕಟೆ: ಪಾಸು ಕೊಳ್ಳುವ ಮುಂಚೆ ಓದಿ

ಅಪ್ಪ ಅಮ್ಮನನ್ನು ಕರೆದುಕೊಂಡು ಪ್ರಾಗ್‌ಗೆ ಹೊರಟವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ಮನೆಮಂದಿಗೆಲ್ಲ ಒಟ್ಟಿಗೆ ಮೂರು ದಿನದ ಪಾಸು ತೆಗೆಯುವುದು. 65 ತುಂಬಿದವರ ಪಾಲಿಗೆ ಆ ದುಡ್ಡು ದಂಡ. ಊರೊಳಗಿನ ಮೆಟ್ರೊ, ಟ್ರಾಮು, ಬಸ್ಸು, ಲೋಕಲ್ ರೈಲು ಎಲ್ಲವೂ ಅವರಿಗೆ ಉಚಿತ. ಯಾವ ದೇಶದವರು ಅಂತ ಕೇಳುವುದಿಲ್ಲ, ಅರ್ಜಿ ಇಲ್ಲ, ಕಾರ್ಡೂ ಇಲ್ಲ. ಶಕ್ತಿ ಯೋಜನೆಯಲ್ಲಿ ನಮ್ಮ ಕಂಡಕ್ಟರ್ ಶೂನ್ಯ ದರದ ಟಿಕೆಟ್ಟಾದರೂ ಹರಿದು ಕೊಡುತ್ತಾರೆ, ಅಲ್ಲಿ ಅದೂ ಇಲ್ಲ. ಹತ್ತಿದರಾಯಿತು. ಮ್ಯೂಸಿಯಂ ಪ್ರವೇಶ, ಸಾರಿಗೆ ಎರಡೂ ಸೇರಿದ ಪ್ರವಾಸಿ ಪಾಸು ಕೊಳ್ಳುವ ಯೋಚನೆಯಿದ್ದರೆ ಹಿರಿಯರ ಲೆಕ್ಕದಲ್ಲಿ ಸಾರಿಗೆಯ ಭಾಗಕ್ಕೆ ಸೊನ್ನೆ ಬರೆದು ಮತ್ತೊಮ್ಮೆ ಕೂಡಿ ನೋಡಿ.

ಬೇಕಾದದ್ದು ಒಂದೇ ದಾಖಲೆ: ಹೆಸರು, ಫೋಟೊ, ಹುಟ್ಟಿದ ದಿನಾಂಕ ಮೂರೂ ಇರುವ ಸರ್ಕಾರಿ ಗುರುತಿನ ಚೀಟಿ. ಪಾಸ್‌ಪೋರ್ಟ್ ತೋರಿಸಿದರೆ ಮಾತೇ ಇಲ್ಲ. ಮೂಲ ಪ್ರತಿಯೇ ಇರಲಿ. ಜೆರಾಕ್ಸನ್ನೋ ಮೊಬೈಲಿನ ಫೋಟೊವನ್ನೋ ನಂಬಿ ಹೊರಡಬೇಡಿ. ಆಧಾರ್ ಇದೆಯಲ್ಲ ಅನ್ನುವವರು ಒಮ್ಮೆ ತೆಗೆದು ನೋಡಿ, ಎಷ್ಟೋ ಹಿರಿಯರ ಕಾರ್ಡಿನಲ್ಲಿ ಹುಟ್ಟಿದ ವರ್ಷ ಮಾತ್ರ ಇದೆ. ವಯಸ್ಸು ಪೂರ್ತಿ ತುಂಬಿರಬೇಕು ಎಂಬುದೂ ನೆನಪಿರಲಿ. ನಮ್ಮಲ್ಲಿ ಅರವತ್ತಕ್ಕೇ ಹಿರಿಯ ನಾಗರಿಕರು, ಅಲ್ಲಿ 60ರಿಂದ 65ರೊಳಗಿನವರಿಗೆ ರಿಯಾಯಿತಿ ಟಿಕೆಟ್ ಅಷ್ಟೆ. ಅದನ್ನು ಕೊಂಡು ಹಳದಿ ಪೆಟ್ಟಿಗೆಯ ಸೀಳಿನಲ್ಲಿ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆ ಬೀಳದ ಟಿಕೆಟ್ಟು ಜೇಬಿನಲ್ಲಿದ್ದರೂ ದಂಡ ತಪ್ಪದು. ಜೊತೆಗಿರುವ ಮಗ, ಸೊಸೆ ಸಿಕ್ಕಿಬೀಳುವುದೂ ಇಲ್ಲೇ, ಏಕೆಂದರೆ ಮೆಟ್ರೊ ಬಾಗಿಲಲ್ಲಿ ನಮ್ಮ ಹಾಗೆ ಗೇಟು ಇಲ್ಲ, ಯಾರೂ ತಡೆಯುವುದಿಲ್ಲ. ತಪಾಸಣೆಯವರು ಮಾಮೂಲಿ ಬಟ್ಟೆಯಲ್ಲೇ ಇರುತ್ತಾರೆ. ಬಿಲ್ಲೆ ತೋರಿಸದಿದ್ದರೆ ಕೇಳಿ, ಆಮೇಲೆ ಪಾಸ್‌ಪೋರ್ಟ್ ತೆಗೆಯಿರಿ.

ವಿಮಾನ ನಿಲ್ದಾಣದಲ್ಲಿ ಎದ್ದು ಕಾಣುವುದು ಎಇ ಎಂದು ಬರೆದ ಎಕ್ಸ್‌ಪ್ರೆಸ್ ಬಸ್ಸು. ಅದರ ದರವೇ ಬೇರೆ, ಊರಿನ ಸೌಲಭ್ಯ ಅದಕ್ಕಿಲ್ಲ. ಹಿರಿಯರಿಗೆ ಬೇಕಾದದ್ದು 59ನೇ ನಂಬರಿನ ಟ್ರಾಲಿಬಸ್. 2024ರಿಂದ ಹಳೆಯ 119ರ ಜಾಗದಲ್ಲಿ ಓಡುತ್ತಿದೆ. ನಾದ್ರಾಜಿ ವೆಲೆಸ್ಲಾವೀನ್‌ನಲ್ಲಿ ಇಳಿದು ಹಸಿರು ಬಣ್ಣದ ಎ ಮೆಟ್ರೊ ಹಿಡಿದರೆ ಊರ ನಡುವಿಗೇ ಬರುತ್ತೀರಿ. ‘ವೀತಹ್’ ಎಂಬ ಫಲಕ ಕಂಡರೆ ಅದೇ ಲಿಫ್ಟು. ಎಲ್ಲ ನಿಲ್ದಾಣದಲ್ಲೂ ಲಿಫ್ಟಿಲ್ಲ. ಮೆಟ್ರೊ ನಕ್ಷೆಯಲ್ಲಿ ಗಾಲಿಕುರ್ಚಿಯ ಗುರುತಿರುವ ಕಡೆ ಮಾತ್ರ. ಉಳಿದೆಡೆ ಎಸ್ಕಲೇಟರೇ ಗತಿ. ನಾಮೆಸ್ತಿ ಮೀರು ನಿಲ್ದಾಣ ನೆಲದಿಂದ 53 ಮೀಟರ್ ಕೆಳಗಿದೆ, ಎಸ್ಕಲೇಟರಿನ ಉದ್ದ 87 ಮೀಟರ್. ಕೆಳಗೆ ನೋಡಿದರೆ ತಲೆ ತಿರುಗುವವರು ಬೆನ್ನು ತಿರುಗಿಸದೆ, ಬಲಗಡೆಯ ಪಟ್ಟಿ ಹಿಡಿದು, ಮುಂದಿನವರ ಬೆನ್ನು ನೋಡುತ್ತ ನಿಲ್ಲಲಿ. ಸೀರೆ ಉಟ್ಟವರು ನೆರಿಗೆ ಸ್ವಲ್ಪ ಎತ್ತಿ ಹಿಡಿಯಬೇಕು.

ಮಂಡಿ ನೋವಿದ್ದವರಿಗೆ ಈ ಊರಿನ ನಿಜವಾದ ಉಪಕಾರಿ 22ನೇ ಟ್ರಾಮು. ಕೋಟೆ ನೋಡಲು ಮಾಲೊಸ್ತ್ರಾನ್ಸ್ಕಾದಲ್ಲಿ ಇಳಿದು ಮೆಟ್ಟಿಲು ಹತ್ತುವವರನ್ನು ಅವರ ಪಾಡಿಗೆ ಬಿಡಿ. ಅದೇ ಟ್ರಾಮಿನಲ್ಲಿ ಕೂತಿದ್ದರೆ ಅದು ತಾನೇ ಗುಡ್ಡ ಹತ್ತುತ್ತದೆ. ‘ಪ್ರಾಜ್ಸ್ಕಿ ಹ್ರಾದ್’ನಲ್ಲಿ ಇಳಿದರೆ ಹಳ್ಳದ ಮೇಲಿನ ಸೇತುವೆ ದಾಟಿ ಸಮತಟ್ಟು ನಡಿಗೆ. ಇನ್ನೂ ಒಳ್ಳೆಯದು, ಎರಡು ನಿಲ್ದಾಣ ಮುಂದೆ ಪೊಹೋರ್ಜೆಲೆಟ್ಸ್‌ಗೆ ಹೋಗಿ ಅಲ್ಲಿಂದ ಲೊರೆಟಾ ಚರ್ಚಿನ ಪಕ್ಕದಲ್ಲಿ ಇಳಿಜಾರಿನಲ್ಲಿ ನಡೆದು ಕೋಟೆಯ ಮುಂಬಾಗಿಲಿಗೆ ಬರುವುದು. ಹಿಂದಿರುಗುವಾಗಲೂ ಮೆಟ್ಟಿಲು ಇಳಿಯಬೇಡಿ, ಮೇಲಿಂದಲೇ ಟ್ರಾಮು ಹಿಡಿಯಿರಿ. ಎರಡು ಎಚ್ಚರಿಕೆ: ಚಾಲಕರು ಹೊರಡುವುದೂ ನಿಲ್ಲಿಸುವುದೂ ಜೋರು, ಹತ್ತಿದ ಕೂಡಲೇ ಕಂಬ ಹಿಡಿಯಿರಿ, ಆಮೇಲೆ ಸೀಟು. ಇನ್ನೊಂದು, 22 ಜೇಬುಗಳ್ಳರಿಗೆ ಹೆಸರಾದ ದಾರಿ. ಪಾಸ್‌ಪೋರ್ಟ್ ಬೆನ್ನಿನ ಚೀಲದಲ್ಲಲ್ಲ, ಅಂಗಿಯ ಒಳಗೆ ಕೊರಳಿಗೆ ತೂಗುವ ಚೀಲದಲ್ಲಿರಲಿ. ಹಳೆಯ ಕಾಲದ ಡಬ್ಬಿಗಳಲ್ಲಿ ಹೋಗುವ ಆಸೆಯಿದ್ದರೆ 23ನೇ ಟ್ರಾಮು ಹತ್ತಿ, ಮಾಮೂಲಿ ಸೇವೆ. 42 ಪ್ರವಾಸಿಗರದ್ದು, ಅದಕ್ಕೆ ಪ್ರತ್ಯೇಕ ಟಿಕೆಟ್ಟು.

ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಏಳಕ್ಕೆ ಹೋಗಲಾಗದಿದ್ದರೆ ಬಿಟ್ಟೇಬಿಡಿ. ಹತ್ತರ ನಂತರ ಅದು ಜಾತ್ರೆ.

ಊಟಕ್ಕೆ, ಹಳೇ ಪಟ್ಟಣದ ಟೀನ್ ಚರ್ಚಿನ ಹಿಂದೆ ಟೀನ್ಸ್ಕಾ ಬೀದಿಯಲ್ಲಿರುವ ಬಿಯಾಸ್ ಧಾಬಾ ಹುಡುಕಿ. ಶುದ್ಧ ಸಸ್ಯಾಹಾರಿ. ಅನ್ನ, ಬೇಳೆ, ಪಲ್ಯ, ಸಲಾಡು ನೀವೇ ಬಡಿಸಿಕೊಂಡು ತಟ್ಟೆ ತೂಕಕ್ಕಿಡಬೇಕು, ನೂರು ಗ್ರಾಮಿಗೆ ಇಷ್ಟು ಅಂತ ದರ. ತೂಕ ಏರಿಸುವುದು ಅನ್ನ ಮತ್ತು ನೀರು ಬೇಳೆ; ಮೊದಲ ಸಲ ಸ್ವಲ್ಪವೇ ಹಾಕಿಕೊಂಡು ಬೇಕಾದರೆ ಮತ್ತೆ ಹೋಗಿ. ನಮ್ಮ ಸಾರಿನ ಖಾರ ನಿರೀಕ್ಷಿಸಬೇಡಿ, ಆದರೆ ಮೂರು ದಿನ ಬ್ರೆಡ್ಡು ತಿಂದ ಹೊಟ್ಟೆಗೆ ಬಿಸಿ ಅನ್ನ ಬಿದ್ದರೆ ಹಿರಿಯರ ಮುಖದಲ್ಲಿ ಕಳೆ ಬರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರಿಗೆ ಇಸ್ಕಾನ್‌ನವರ ಗೋವಿಂದ ಇದೆ.

ಪುಕ್ಕಟೆ ಸವಾರಿ ಊರ ಗಡಿಯವರೆಗೆ ಮಾತ್ರ. ಕಾರ್ಲ್‌ಶ್ಟೇನ್ ಕೋಟೆಗೆ ಹೋಗುವ ರೈಲಿನಲ್ಲಿ ರಾದೊತೀನ್ ಪ್ರಾಗ್‌ನ ಕೊನೆಯ ನಿಲ್ದಾಣ, ಅದರಾಚೆಗೆ ಟಿಕೆಟ್ ಬೇಕು. 65 ದಾಟಿದವರಿಗೆ ಸರ್ಕಾರಿ ರಿಯಾಯಿತಿಯಲ್ಲಿ ಅರ್ಧ ದರ, ಕೌಂಟರಿನಲ್ಲಿ ವಯಸ್ಸು ಹೇಳಿ ಕೇಳಿ. ಹೆಚ್ಚು ಜಾಗ್ರತೆ ಬೇಕಾದ್ದು ಮುಂದಿನ ಊರುಗಳಲ್ಲಿ. ವಿಯೆನ್ನಾದಲ್ಲಿ ಹಿರಿಯರಿಗೆ ರಿಯಾಯಿತಿ ಉಂಟು, ಪುಕ್ಕಟೆ ಇಲ್ಲ. ಬುಡಾಪೆಸ್ಟ್‌ನಲ್ಲಿ 65 ದಾಟಿದವರಿಗೆ ಉಚಿತ ಎಂಬ ಮಾತು ಕೇಳಿಬರುತ್ತದೆ, ಅದು ಯುರೋಪಿಯನ್ ಒಕ್ಕೂಟದ ಪೌರರಿಗೆ. ಭಾರತದ ಪಾಸ್‌ಪೋರ್ಟ್ ಇದ್ದವರು ಎಂಬತ್ತರ ಅಜ್ಜಿಯಾದರೂ ಟಿಕೆಟ್ ತೆಗೆದೇ ಹತ್ತಬೇಕು.